ಎರಡನೇ ಪೆನ್ನು

ಬೆಳಿಗ್ಗೆ ಆರೂವರೆಗೆ ಅಕ್ಕನ ತೋಳಿನ ಸೆನ್ಸರ್ ಕಿತ್ತು ಬಂತು. ಬಿಸಿ ಟ್ರೇಗಳನ್ನು ಆರಲು ಇಡುವ ಕಬ್ಬಿಣದ ಸ್ಟ್ಯಾಂಡಿನ ಮೂಲೆಗೆ ತೋಳು ತಗುಲಿ, ನಾಣ್ಯದಷ್ಟಗಲದ ಆ ಬಿಳಿ ಬಿಲ್ಲೆ ನೆಲಕ್ಕೆ ಬಿತ್ತು. ಚರ್ಮದೊಳಗೆ ಇರಬೇಕಾದ ಕೂದಲೆಳೆಯಂಥ ತಂತಿ ಹೊರಗೆ ಬಾಗಿಕೊಂಡಿತ್ತು. ಅಕ್ಕ ಅದನ್ನೆತ್ತಿ, ಮೆತ್ತಿದ್ದ ಹಿಟ್ಟನ್ನು ಊದಿ, ನನ್ನ ಅಂಗೈಯಲ್ಲಿಟ್ಟಳು.

“ಇನ್ನೂ ಆರು ದಿನ ಬಾಳ್ಬೇಕಿತ್ತು. ಅಲ್ಪಾಯುಷಿ,” ಎಂದಳು.

ನಮ್ಮದು ಎರಡು ಕೋಣೆಯ ಬೇಕರಿ. ಹಿಂದಿನ ಕೋಣೆಯಲ್ಲಿ ಅಕ್ಕ ಬೇಯಿಸುತ್ತಾಳೆ, ಕೇಕುಗಳನ್ನು ಅಲಂಕರಿಸುತ್ತಾಳೆ. ಮುಂದಿನ ಕೋಣೆಯಲ್ಲಿ ನಾನು ಮಾರುತ್ತೇನೆ, ನಡುನಡುವೆ ಹಿಂದೆ ಹೋಗಿ ಅವಳಿಗೆ ಸಕ್ಕರೆ ಜರಡಿ ಹಿಡಿದುಕೊಡುತ್ತೇನೆ. ಎಂ.ಎ. ಮುಗಿದ ಮೇಲೆ ಒಂದು ವರ್ಷ ಇದ್ದು ಹೋಗೋಣವೆಂದು ಬಂದವನು ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ. ಅಕ್ಕ ನನ್ನನ್ನು ಪಂಡಿತ ಎಂದು ಕರೆಯುತ್ತಾಳೆ. ಸಿಟ್ಟು ಬಂದರೆ ಪಂಡಿತ್ರೇ.

ಅವಳಿಗೆ ಸಕ್ಕರೆ ಕಾಯಿಲೆ ಬಂದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಈಗ ನಲವತ್ತೊಂದು. ಮೂವತ್ತು ವರ್ಷದಿಂದ ಒಂದು ತುತ್ತನ್ನೂ ಲೆಕ್ಕ ಹಾಕದೆ, ಇನ್ಸುಲಿನ್ ಚುಚ್ಚಿಕೊಳ್ಳದೆ ಉಂಡವಳಲ್ಲ. ಕೇಕು ಮಾಡುವವಳಿಗೇ ಸಕ್ಕರೆ ಕಾಯಿಲೆಯೇ ಎಂದು ಗಿರಾಕಿಗಳು ನಕ್ಕರೆ, “ಈಜು ಕಲಿಸೋನಿಗೂ ನೆಗಡಿ ಬರುತ್ತಲ್ಲ,” ಎಂದು ಬಾಯಿ ಮುಚ್ಚಿಸುತ್ತಾಳೆ. ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ನಮಗೆ ಭಯವಿರುವುದು ಏರುವ ಸಕ್ಕರೆಯದ್ದಲ್ಲ, ಇಳಿಯುವುದರದ್ದು. ಏರಿದ್ದು ದಿನಗಟ್ಟಲೆ ಸಮಯ ಕೊಡುತ್ತದೆ. ಇಳಿದದ್ದು ಅರ್ಧ ಗಂಟೆ. ಉಳಿದವರಿಗೆ ಇಳಿಯುವಾಗ ಕೈ ನಡುಗುತ್ತದೆ, ಹಸಿವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅಕ್ಕನಿಗೆ ಆ ಸೂಚನೆಗಳೆಲ್ಲ ವರ್ಷಗಳ ಹಿಂದೆಯೇ ಸವೆದುಹೋದವು. ಅವಳಿಗೆ ಗೊತ್ತಾಗುವ ಹೊತ್ತಿಗೆ ಗೊತ್ತಾಗುವ ಶಕ್ತಿಯೇ ಇರುವುದಿಲ್ಲ. ಸಕ್ಕರೆ ಇಳಿದೊಡನೆ ತೋಳಿನ ಬಿಲ್ಲೆ ಫೋನಿನಲ್ಲಿ ಕೂಗುತ್ತಿತ್ತಲ್ಲ, ನಾಲ್ಕು ವರ್ಷದಿಂದ ಆ ಕೂಗೇ ಅವಳ ಪಾಲಿನ ನಡುಕವೂ ಹಸಿವೂ ಆಗಿತ್ತು.

ಹೊಸ ಸೆನ್ಸರ್ ಬರುವುದು ನಾಡಿದ್ದು ಎಂದು ಅಂಗಡಿಯವನು ಫೋನಿನಲ್ಲಿ ಹೇಳಿದ. ಸರಿ, ಎರಡು ದಿನ ಹಳೆಯ ಕಾಲಕ್ಕೆ ಹೋಗೋಣ ಎಂದಳು ಅಕ್ಕ. ನಾನು ಡ್ರಾಯರಿನ ತಳದಿಂದ ಬೆರಳು ಚುಚ್ಚಿ ನೋಡುವ ಮೀಟರನ್ನು ತೆಗೆದೆ. ಬ್ಯಾಟರಿ ಬದಲಿಸಿದೆ. ಔಷಧದಂಗಡಿಗೆ ಹೋಗಿ ರಕ್ತದ ಹನಿ ಮುಟ್ಟಿಸುವ ಹೊಸ ಪಟ್ಟಿಗಳ ಡಬ್ಬಿ ತಂದೆ, ಅದರ ಮೇಲಿನ ತಾರೀಕನ್ನು ಎರಡು ಸಲ ಓದಿದೆ. ಚುಚ್ಚುವ ಸೂಜಿಯನ್ನೂ ಹೊಸದು ಹಾಕಿದೆ. ನೋಡಬೇಕಾದ್ದನ್ನೆಲ್ಲ ನೋಡಿದ್ದೇನೆಂದು ನನಗೆ ನಂಬಿಕೆಯಿತ್ತು.

ಆ ದಿನ ಒಂದು ದೊಡ್ಡ ಕೇಕು ಹೋಗಬೇಕಿತ್ತು. ಪಕ್ಕದ ಬೀದಿಯ ಶಾಲೆಯ ಹೆಡ್‌ಮಿಸ್ಟ್ರೆಸ್ ನಿವೃತ್ತರಾಗುತ್ತಿದ್ದರು, ಐದು ಗಂಟೆಗೆ ಸಮಾರಂಭ. ಮೂರು ಅಂತಸ್ತಿನ ಕೇಕು, ಅದರ ಸುತ್ತ ಸಕ್ಕರೆಯ ಕಣಕದಲ್ಲಿ ಮಾಡಿದ ಅರವತ್ತು ಗುಲಾಬಿ, ಅವರ ವಯಸ್ಸಿಗೆ ಒಂದೊಂದು. ಕಣಕ ಕೈಗೆ ಅಂಟದಿರಲೆಂದು ಮೇಜಿನ ಮೇಲೆ ಪುಡಿ ಸಕ್ಕರೆ ಉದುರಿಸಿ, ಅದರಲ್ಲೇ ಬೆರಳದ್ದಿ, ಒಂದೊಂದೇ ಎಸಳನ್ನು ತೆಳ್ಳಗೆ ಒತ್ತಬೇಕು. ಅಕ್ಕ ಕೈಗವಸು ಹಾಕುವುದಿಲ್ಲ. ಬೆರಳಿಗೆ ಕಾಣಿಸುವುದು ಕಣ್ಣಿಗೆ ಕಾಣಿಸುವುದಿಲ್ಲ ಎನ್ನುತ್ತಾಳೆ. ಕೆಲಸ ಮಾಡುವಾಗ ಎಸಳುಗಳನ್ನು ಬೈಯುವುದು ಅವಳ ಅಭ್ಯಾಸ. ‘ನೆಟ್ಟಗೆ ನಿಲ್ಲೇ ಬಿನ್ನಾಣಗಿತ್ತಿ’, ‘ನಿನಗೇನಾಗಿದೆ ದಾಡಿ’ ಎಂಬ ಮಾತುಗಳು ಮುಂದಿನ ಕೋಣೆಗೂ ಕೇಳಿಸುತ್ತಿರುತ್ತವೆ.

ಒಂದು ಗಂಟೆಗೆ ಊಟ. ಊಟವೆಂದರೆ ನಾಲ್ಕು ಹೋಳು ಬ್ರೆಡ್ಡು, ಎರಡು ಬೇಯಿಸಿದ ಮೊಟ್ಟೆ. ಅಕ್ಕ ಕೈಯನ್ನು ಏಪ್ರನ್ನಿಗೆ ಒರೆಸಿ ಬೆರಳು ಚಾಚಿದಳು. ನಾನು ಆಗಷ್ಟೇ ಸಕ್ಕರೆ ಜರಡಿ ಹಿಡಿದು ಬಂದಿದ್ದೆ. ಚುಚ್ಚಿದೆ, ಹನಿಯನ್ನು ಪಟ್ಟಿಗೆ ಮುಟ್ಟಿಸಿದೆ. ಮುನ್ನೂರ ನಲವತ್ತಾರು.

ಬೆಳಿಗ್ಗೆ ಸೆನ್ಸರ್ ಬೀಳುವ ಮೊದಲು ನೂರ ಇಪ್ಪತ್ತಿತ್ತು. ಕೆನೆಯ ರುಚಿ ನೋಡಿದ್ದು ಹೆಚ್ಚಾಯಿತೇನೋ ಎಂದಳು ಅಕ್ಕ. ಆಮೇಲೆ ಎಂದಿನಂತೆ ಗಟ್ಟಿಯಾಗಿ ಲೆಕ್ಕ ಹಾಕಿದಳು. ಬ್ರೆಡ್ಡಿಗೆ ಆರು ಯೂನಿಟ್ಟು. ನೂರಹತ್ತರ ಮೇಲೆ ಏರಿದ ಪ್ರತಿ ನಲವತ್ತಕ್ಕೆ ಒಂದರಂತೆ ಇನ್ನಾರು.

“ಹನ್ನೆರಡು. ಸರಿನಾ ಪಂಡಿತ?”

“ಸರಿ,” ಎಂದೆ.

ಇದು ನಮ್ಮ ಮನೆಯ ನಿಯಮ. ಲೆಕ್ಕ ಅವಳದ್ದು, ಸರಿ ಎನ್ನುವುದು ಇನ್ನೊಬ್ಬರದ್ದು. ಮೊದಲು ಅಮ್ಮ ಹೇಳುತ್ತಿದ್ದಳು, ಅಮ್ಮ ಹೋದ ಮೇಲೆ ನಾನು. ಆ ಒಂದು ಮಾತು ಬೀಳದೆ ಅಕ್ಕ ಇನ್ಸುಲಿನ್ ಪೆನ್ನಿನ ಗುಂಡಿ ಒತ್ತುವುದಿಲ್ಲ. ಕೈಯೆಲ್ಲ ಕಣಕವಾಗಿದೆ ನೀನೇ ಹಾಕು ಎಂದು ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದಳು. ಪೆನ್ನನ್ನು ಹನ್ನೆರಡಕ್ಕೆ ತಿರುಗಿಸಿ ಚುಚ್ಚಿದೆ, ಹತ್ತು ಎಣಿಸಿ ತೆಗೆದೆ.

ಅವಳು ಎರಡು ಹೋಳು ತಿನ್ನುವಷ್ಟರಲ್ಲಿ ಶಾಲೆಯ ಗುಮಾಸ್ತ ಬಂದ. ಕೇಕಿನ ಮೇಲೆ ನಿವೃತ್ತಿ ಎಂದು ಬರೆಯಬೇಡಿ, ಮೇಡಂ ಅದನ್ನು ಇನ್ನೂ ಒಪ್ಪಿಕೊಂಡಿಲ್ಲ, ನೋಡಿದರೆ ಅಳುತ್ತಾರೆ ಎಂದ. ಹಾಗಾದರೆ ಏನು ಬರೆಯುವುದೆಂದು ಅಕ್ಕ ಎದ್ದುಹೋಗಿ ಅವನೊಡನೆ ಚರ್ಚೆಗಿಳಿದಳು. ಕೊನೆಗೆ ಬರೀ ಹೆಸರು ಸಾಕೆಂದಾಯಿತು. ಅವನು ಹೋದ ಮೇಲೆ ಅವಳು ನೇರ ಗುಲಾಬಿಗಳ ಮುಂದೆ ಕೂತಳು. ಉಳಿದ ಎರಡು ಹೋಳು ತಟ್ಟೆಯಲ್ಲೇ ಇದ್ದವು. ನಾನು ನೋಡಿದೆ. ಮುನ್ನೂರ ನಲವತ್ತಾರು ಇರುವವಳಿಗೆ ತಿನ್ನು ಎಂದು ಒತ್ತಾಯ ಮಾಡುವುದೇಕೆ ಎಂದು ಸುಮ್ಮನಾದೆ.

ಒಂದೂ ಮುಕ್ಕಾಲರ ಹೊತ್ತಿಗೆ ಹಿಂದಿನ ಕೋಣೆಯ ಬೈಗುಳ ನಿಂತಿತ್ತು. ಯಾವಾಗ ನಿಂತಿತೆಂದು ತಿಳಿಯಲಿಲ್ಲ. ನಿಂತು ಸ್ವಲ್ಪ ಹೊತ್ತಾದ ಮೇಲೆ ಕಿವಿಗೆ ಬಿತ್ತು. ಹೋಗಿ ನೋಡಿದರೆ ಅಕ್ಕ ಕೆಲಸ ಮಾಡುತ್ತಲೇ ಇದ್ದಳು. ಆದರೆ ಎಸಳುಗಳು ದಪ್ಪವಾಗಿದ್ದವು. ಏನಾಯಿತು ಎಂದೆ. ತಲೆಯೆತ್ತದೆ ಇನ್ನೊಂದು ಎಸಳು ಒತ್ತಿದಳು. ಅವಳ ಬೆರಳನ್ನು ನಾನೇ ಎತ್ತಿಕೊಂಡು ಚುಚ್ಚಿದೆ.

ಮುನ್ನೂರ ಐವತ್ತೆಂಟು.

ಹನ್ನೆರಡು ಯೂನಿಟ್ಟು ಹಾಕಿ ಐವತ್ತು ನಿಮಿಷವಾಗಿದೆ, ಸಕ್ಕರೆ ಏರಿದೆ. ನನ್ನ ಬುದ್ಧಿ ಓಡಿದ್ದು ಹಿಂದಿನ ಬೇಸಿಗೆಗೆ. ಆಗ ಓವನ್ ಪಕ್ಕದ ಕಪಾಟಿನಲ್ಲಿಟ್ಟ ಪೆನ್ನಿನೊಳಗಿನ ಇನ್ಸುಲಿನ್ ಶಾಖಕ್ಕೆ ಕೆಟ್ಟು ನೀರಾಗಿತ್ತು. ಅದನ್ನೇ ಎರಡು ದಿನ ಚುಚ್ಚಿಕೊಂಡು ಅಕ್ಕ ವಾಂತಿ ಮಾಡುತ್ತ ಆಸ್ಪತ್ರೆ ಸೇರಿದ್ದಳು, ಮೂರನೆಯ ದಿನ ಮಾತಾಡಿದ್ದಳು. ಇನ್ನೊಂದು ದಿನ ಬಿಟ್ಟಿದ್ದರೆ ಇವರು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದ್ದರು. ಈ ಪೆನ್ನೂ ಬೆಳಿಗ್ಗೆಯಿಂದ ಮೇಜಿನ ಮೇಲೆಯೇ ಇತ್ತು. ನಾನು ಫ್ರಿಜ್ಜಿನಿಂದ ಹೊಸ ಪೆನ್ನು ತಂದೆ.

ಈಗ್ಲೇ ಬೇಡ, ಆಮೇಲೆ ಎಂದು ಅಕ್ಕ ಗೊಣಗಿದಳು. ಮೂರು ಗಂಟೆಯೊಳಗೆ ಎರಡನೆಯ ಸಲ ಹಾಕಬಾರದೆಂದು ನನಗೆ ಕಲಿಸಿದವಳೇ ಅವಳು. ಆದರೆ ಮೊದಲನೆಯದು ಕೆಟ್ಟಿದ್ದರೆ ಅದು ಹಾಕಿದಂತೆಯೇ ಅಲ್ಲವಲ್ಲ ಎಂದು ನಾನು ವಾದಿಸಿದೆ. ವಾದದಲ್ಲಿ ನಾನು ಯಾವಾಗಲೂ ಚೆನ್ನ. ಅವಳು ಚಿಕ್ಕ ಮಗುವಿನಂತೆ ಹೊಟ್ಟೆ ತೋರಿಸಿದಳು. ಅಕ್ಕ ಯಾವತ್ತೂ ವಾದದಲ್ಲಿ ಸೋತವಳಲ್ಲ. ಆ ಸೋಲೇ ನನಗೆ ಹೇಳಬೇಕಿತ್ತು. ನನ್ನ ಕಣ್ಣು ಸಂಖ್ಯೆಯ ಮೇಲಿತ್ತು. ಲೆಕ್ಕ ನಾನೇ ಹಾಕಿದೆ, ಸರಿ ಎಂದು ನಾನೇ ಅಂದುಕೊಂಡೆ, ಆರು ಯೂನಿಟ್ಟು ಚುಚ್ಚಿದೆ. ಪೆನ್ನನ್ನು ಮತ್ತೆ ಮೇಜಿನ ಮೇಲೆ ಇಟ್ಟು ಕೆಡಿಸಬಾರದೆಂದು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

ಹತ್ತು ನಿಮಿಷದ ಮೇಲೆ ಅವಳ ಕುತ್ತಿಗೆ ಬೆವರತೊಡಗಿತು. ಓವನ್ ಕೋಣೆಯಲ್ಲಿ ಯಾರಾದರೂ ಬೆವರುತ್ತಾರೆ. ಮತ್ತೂ ಸ್ವಲ್ಪ ಹೊತ್ತಿಗೆ, ಮಾಡಿದ ಗುಲಾಬಿಗಳನ್ನೇ ಒಂದೊಂದಾಗಿ ಒತ್ತಿ ಚಪ್ಪಟೆ ಮಾಡತೊಡಗಿದಳು. ಕೈ ಹಿಡಿದೆ. ಕೊಸರಿಕೊಂಡು, “ಹೋಗು, ಅಮ್ಮನ್ನ ಕರಿ,” ಎಂದಳು. ಅಮ್ಮ ಸತ್ತು ಒಂಬತ್ತು ವರ್ಷ. ಎದ್ದು ನಿಂತವಳು ನಲ್ಲಿಯವರೆಗೆ ಹೋಗಿ, ಗೋಡೆ ಹಿಡಿದು, ಹಾಗೇ ಜಾರಿ ಕೂತು ಪಕ್ಕಕ್ಕೆ ವಾಲಿದಳು.

ಮತ್ತೆ ಚುಚ್ಚಿದೆ. ಮುನ್ನೂರ ಮೂವತ್ತೊಂದು. ತುರ್ತು ಸಂಖ್ಯೆಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಶುಗರ್ ನೋಡಿದಿರಾ ಎಂದು ಕೇಳಿದಳು. ಹೇಳಿದೆ. ಹಾಗಿದ್ದರೆ ಬಾಯಿಗೆ ಏನೂ ಹಾಕಬೇಡಿ, ಗಾಡಿ ಇಪ್ಪತ್ತು ನಿಮಿಷದಲ್ಲಿ ಬರುತ್ತದೆ ಎಂದಳು.

ನಾನು ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತೆ. ಅವಳ ಕಣ್ಣು ಅರ್ಧ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ನಮ್ಮ ಸುತ್ತ ಸಕ್ಕರೆ ಚೀಲಗಳು, ಜೇನಿನ ಡಬ್ಬಿಗಳು, ಹಣ್ಣಿನ ಪಾಕದ ಬಾಟಲಿಗಳು. ಏನೂ ಹಾಕಬೇಡಿ ಎಂದಿದ್ದಾರೆ. ಅವಳ ಮೈ ತಣ್ಣಗಿತ್ತು. ಆಸ್ಪತ್ರೆ ಸೇರಿದ ಆ ಸಲ ಮೈ ಒಣಗಿತ್ತು, ಉಸಿರಿನಲ್ಲಿ ಹುಳಿತ ಹಣ್ಣಿನ ವಾಸನೆಯಿತ್ತು. ಈಗ ಎರಡೂ ಇರಲಿಲ್ಲ. ಮುಖ ಒಂದು ಹೇಳುತ್ತಿತ್ತು, ಮೀಟರು ಇನ್ನೊಂದು. ಮೀಟರೇ ಕೆಟ್ಟಿದೆಯೇನೋ ಎಂಬ ಯೋಚನೆ ಬಂದದ್ದು ಆಗ. ಕೆಟ್ಟಿದೆಯೇ ಎಂದು ತಿಳಿಯಲು ನನ್ನ ಬೆರಳನ್ನೇ ಚುಚ್ಚಿಕೊಂಡೆ. ನನಗೆ ಸಕ್ಕರೆ ಕಾಯಿಲೆಯಿಲ್ಲ.

ಇನ್ನೂರ ತೊಂಬತ್ತೇಳು.

ಬೆರಳ ತುದಿ ನೋಡಿಕೊಂಡೆ. ರಕ್ತದ ಸುತ್ತ ಬಿಳಿಯ ಪುಡಿ. ನಾಲಿಗೆಗೆ ಮುಟ್ಟಿಸಿದೆ. ಸಿಹಿ. ಅಕ್ಕನ ಬೆರಳುಗಳ ಒಂದೊಂದು ಗೆರೆಯಲ್ಲೂ ಅದೇ ಪುಡಿ ತುಂಬಿತ್ತು. ಮೀಟರು ಕೆಟ್ಟಿರಲಿಲ್ಲ. ನಾವು ತಿನ್ನಿಸಿದ್ದನ್ನು ಅದು ಹೇಳಿತ್ತು ಅಷ್ಟೆ.

ಚಿಕ್ಕಂದಿನಲ್ಲಿ ಅಮ್ಮ ಪ್ರತಿ ಸಲವೂ ಅಕ್ಕನನ್ನು ನಲ್ಲಿಗೆ ಎಳೆದುಕೊಂಡು ಹೋಗಿ ಸೋಪು ಹಾಕಿ ಕೈ ತೊಳೆಸಿ, ಒಣಗಿಸಿ, ಆಮೇಲೇ ಬೆರಳು ಚುಚ್ಚುತ್ತಿದ್ದಳು. ಅದೊಂದು ಶುಚಿಯ ಹುಚ್ಚೆಂದು ನಾನು ತಿಳಿದಿದ್ದೆ. ತೋಳಿಗೆ ಸೆನ್ಸರ್ ಬಂದ ನಾಲ್ಕು ವರ್ಷದಲ್ಲಿ ಅಕ್ಕನೂ ಮರೆತಳು.

ಒದ್ದೆ ಬಟ್ಟೆಗೆ ಸೋಪು ಹಚ್ಚಿ ಅವಳ ಬೆರಳು ತಿಕ್ಕಿದೆ, ನನ್ನದೂ ತಿಕ್ಕಿಕೊಂಡೆ. ಅವಸರದಲ್ಲಿ ಒಂದು ಪಟ್ಟಿ ಹಾಳಾಯಿತು. ಇನ್ನೊಂದರಲ್ಲಿ ಬಂದದ್ದು ಇಪ್ಪತ್ತೊಂಬತ್ತು.

ಅವಳನ್ನು ಪಕ್ಕಕ್ಕೆ ಹೊರಳಿಸಿ, ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೆನ್ನೆಯ ಒಳಗೆ, ವಸಡಿಗೆ ಸವರಿದೆ. ಹಲ್ಲು ಕಚ್ಚಿಕೊಂಡಿದ್ದಳು. ಸ್ವಲ್ಪ ಒಳಗೆ ಹೋಯಿತು, ಹೆಚ್ಚಿನದು ತುಟಿಯಿಂದ ಇಳಿದು ನೆಲ ಸೇರಿತು. ಇಡೀ ಮೂಟೆ ಸಕ್ಕರೆ ಪಕ್ಕದಲ್ಲಿತ್ತು. ಒಂದು ಚಮಚ ಅವಳೊಳಗೆ ಹೋಗಲಿ ಎಂದು ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ. ಮತ್ತೆ ಮತ್ತೆ ಸವರಿದೆ.

ಆಂಬುಲೆನ್ಸಿನಲ್ಲಿ ಬಂದದ್ದು ಒಬ್ಬ ಡ್ರೈವರು, ಒಬ್ಬಳು ನಡುವಯಸ್ಸಿನ ನರ್ಸು. ನರ್ಸು ಒಂದೇ ನೋಟಕ್ಕೆ ತಿಳಿದುಕೊಂಡಳು. ನನ್ನ ಮೀಟರನ್ನು ಬದಿಗೆ ಸರಿಸಿ, ತನ್ನದರಲ್ಲಿ ನೋಡಿ, ಅಕ್ಕನ ಕೈಯ ನರಕ್ಕೆ ಸೂಜಿ ಹಾಕಿ ಗ್ಲೂಕೋಸ್ ಬಿಟ್ಟಳು. ಕೆಲಸ ಮಾಡುತ್ತಲೇ ಕೇಳಿದಳು.

“ಇನ್ಸುಲಿನ್ ಎಷ್ಟು ಹಾಕಿದ್ರಿ? ಯಾವಾಗ?”

ಅಕ್ಕ ಕಣ್ಣು ತೆರೆದದ್ದು ಅದೇ ಗಳಿಗೆಯಲ್ಲಿ. ಮೊದಲು ಸೂರು ನೋಡಿದಳು, ಆಮೇಲೆ ನನ್ನನ್ನು. ಈ ಸಲ ನಿಜವಾಗಿ ನನ್ನನ್ನೇ.

“ಹನ್ನೆರಡು ಯೂನಿಟ್ಟು. ಒಂದು ಗಂಟೆಗೆ,” ಎಂದೆ.

ಸುಳ್ಳಲ್ಲ. ಅಲ್ಲಿಗೆ ನಿಲ್ಲಿಸಿದೆ. ಮೂವತ್ತು ವರ್ಷದಲ್ಲಿ ಅವಳು ತನ್ನ ಬೆರಳನ್ನು ಇಬ್ಬರ ಕೈಗೆ ಮಾತ್ರ ಕೊಟ್ಟಿದ್ದಳು. ಬೇಡ ಎಂದವಳಿಗೆ ವಾದ ಮಾಡಿ ಚುಚ್ಚಿದೆ ಎಂದು ಆ ಕಣ್ಣಿನ ಮುಂದೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಕೈ ತೊಳೆಯಲಿಲ್ಲವೇ ಎಂದು ನರ್ಸು ಕೇಳಿದಳು, ಬೈಯುವ ದನಿಯಲ್ಲೇನೂ ಅಲ್ಲ. ಇಲ್ಲ ಎಂದೆ. ಅಷ್ಟನ್ನು ಒಪ್ಪಿಕೊಂಡದ್ದರಿಂದ ಉಳಿದದ್ದು ಮನ್ನಾ ಆದಂತೆ ಒಂದು ಕ್ಷಣ ಅನ್ನಿಸಿತು.

ಕಾಲು ಗಂಟೆಯಲ್ಲಿ ಅಕ್ಕ ಗೋಡೆಗೊರಗಿ ಕೂತಳು. ನೂರ ಅರವತ್ತೆಂಟು. ತುಟಿಯ ಸಕ್ಕರೆ ಒರೆಸಿಕೊಂಡು ಮೇಜಿನ ಕಡೆ ನೋಡಿ, ಆ ಗುಲಾಬಿಗಳ ಮೇಲೆ ಯಾರು ಕೂತದ್ದು ಎಂದು ಕೇಳಿದಳು. ಡ್ರೈವರು ನಕ್ಕ. ಆಸ್ಪತ್ರೆಗೆ ಬರುವುದು ಒಳ್ಳೆಯದು ಎಂದಳು ನರ್ಸು. ಅಕ್ಕ ಒಪ್ಪಲಿಲ್ಲ. ಐದು ಗಂಟೆಗೆ ಕೇಕು ಹೋಗಬೇಕು, ತಮ್ಮ ಜೊತೆಗಿದ್ದಾನೆ, ಇಂಥದ್ದನ್ನು ಮೊದಲೂ ನೋಡಿದ್ದೇನೆ ಎಂದಳು. ನರ್ಸು ಸ್ವಲ್ಪ ಯೋಚಿಸಿ, ಚೆನ್ನಾಗಿ ತಿನ್ನಿ, ಗಂಟೆಗೊಮ್ಮೆ ನೋಡಿಕೊಳ್ಳಿ ಎಂದು ಹೇಳಿ ಸಾಮಾನು ಕಟ್ಟತೊಡಗಿದಳು.

ಎರಡನೇ ಪೆನ್ನು ನನ್ನ ಜೇಬಿನಲ್ಲಿತ್ತು. ಒಂದೂ ಐವತ್ತಕ್ಕೆ ಹಾಕಿದ ಆರು ಯೂನಿಟ್ಟು ಈಗ, ಮೂರಕ್ಕೆ ಐದು ನಿಮಿಷವಿರುವಾಗ, ತನ್ನ ಪೂರ್ತಿ ಬಲಕ್ಕೆ ಬರುತ್ತದೆ. ಆರು ಯೂನಿಟ್ಟೆಂದರೆ ಇನ್ನೂರ ನಲವತ್ತು ಇಳಿಸುತ್ತದೆ. ನೂರ ಅರವತ್ತೆಂಟರಲ್ಲಿ ಇನ್ನೂರ ನಲವತ್ತು ಕಳೆಯಲು ಬರುವುದಿಲ್ಲ. ನಾನೇ ತಿನ್ನಿಸುತ್ತೇನೆ, ಗಂಟೆಗೊಮ್ಮೆಯಲ್ಲ ಹತ್ತು ನಿಮಿಷಕ್ಕೊಮ್ಮೆ ನೋಡುತ್ತೇನೆ, ಜೇನು ಕುಡಿಸುತ್ತೇನೆ, ಯಾರಿಗೂ ತಿಳಿಯದಂತೆ ದಾಟಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇಲ್ಲಿಯೂ ವಾದ ಚೆನ್ನಾಗಿಯೇ ಬರುತ್ತಿತ್ತು. ಡ್ರೈವರು ಆಗಲೇ ಗಾಡಿಯ ಬಾಗಿಲು ತೆರೆದಿದ್ದ.

ಅಕ್ಕ ಬೆರಳು ಮಡಿಸುತ್ತ ಗಟ್ಟಿಯಾಗಿ ಲೆಕ್ಕ ಹಾಕತೊಡಗಿದಳು. “ಹನ್ನೆರಡು. ಹಾಕಿ ಎರಡು ಗಂಟೆ ಆಗ್ತಾ ಬಂತು, ಅರ್ಧಕ್ಕರ್ಧ ಮುಗಿದಿರುತ್ತೆ. ಉಳಿದ ಅರ್ಧಕ್ಕೆ ಆ ಎರಡು ಹೋಳು, ಮೇಲೆ ಎರಡು ಚಮಚ ಜೇನು. ಸಾಕು. ಸರಿನಾ ಪಂಡಿತ?”

ನರ್ಸು ಪೆಟ್ಟಿಗೆಯ ಕೊಂಡಿ ಹಾಕುವ ಸದ್ದು ಕೇಳಿಸಿತು. ಅಕ್ಕ ಕಾಯುತ್ತಿದ್ದಳು. ಈ ಪ್ರಶ್ನೆಗೆ ನಾನು ಒಂಬತ್ತು ವರ್ಷದಲ್ಲಿ ಸಾವಿರಾರು ಸಲ ಒಂದೇ ಉತ್ತರ ಕೊಟ್ಟಿದ್ದೆ. ಅರ್ಧ ಸಲ ಲೆಕ್ಕವನ್ನು ಕೇಳಿಸಿಕೊಳ್ಳದೆಯೇ ಕೊಟ್ಟಿದ್ದೆ.

“ಸರಿಯಿಲ್ಲ,” ಎಂದೆ.

ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಹಿಡಿದೆ. “ಇದ್ರಲ್ಲಿ ಇನ್ನೂ ಆರು ಹಾಕ್ದೆ ಅಕ್ಕ. ಒಂದೂ ಐವತ್ತಕ್ಕೆ. ನೀನು ಬೇಡ ಅಂದಿದ್ದೆ.”

ನರ್ಸು ಕೊಂಡಿ ಬಿಚ್ಚಿದಳು. ಡ್ರೈವರಿಗೆ ಸ್ಟ್ರೆಚರ್ ತರುವಂತೆ ಹೇಳಿದಳು. ಅಕ್ಕ ಪೆನ್ನನ್ನು ನೋಡಿದಳು. ನನ್ನ ಮುಖ ನೋಡಲಿಲ್ಲ.

ದಾರಿಯಲ್ಲಿ ಐವತ್ತೆರಡಕ್ಕೆ ಇಳಿಯಿತು. ಆಸ್ಪತ್ರೆ ತಲುಪಿದ ಮೇಲೆ ಇನ್ನೊಮ್ಮೆ, ನಲವತ್ನಾಲ್ಕು. ಸಂಜೆ ಆರರವರೆಗೂ ಗ್ಲೂಕೋಸ್ ಹನಿಯುತ್ತಲೇ ಇತ್ತು. ಬೇಕರಿಯ ನೆಲದ ಮೇಲೆ ಇದೇ ಆಗಿದ್ದರೆ, ನನ್ನ ಜೇನು, ನನ್ನ ಹತ್ತು ನಿಮಿಷ. ಆ ವಾಕ್ಯವನ್ನು ಮನಸ್ಸಿನಲ್ಲೂ ಮುಗಿಸಲಾರೆ. ಗುಮಾಸ್ತ ಫೋನ್ ಮಾಡಿದ, ವಿಷಯ ಕೇಳಿ ಗಾಬರಿಯಾಗಿ, ಗುಲಾಬಿ ಇಲ್ಲದಿದ್ದರೂ ನಡೆಯುತ್ತದೆ, ಮೇಡಂ ಹೇಗೂ ಅಳುತ್ತಿದ್ದಾರೆ ಎಂದ. ಅದನ್ನು ಅಕ್ಕನಿಗೆ ಹೇಳಿದೆ. ನಗಲಿಲ್ಲ.

ಕಾಲು ಗಂಟೆಗೊಮ್ಮೆ ವಾರ್ಡಿನವರು ಬೆರಳು ಚುಚ್ಚಲು ಬರುತ್ತಿದ್ದರು. ಒಮ್ಮೆ ಅವರು ತಡವಾದಾಗ ನಾನು ಕೈ ತೊಳೆದು ಬಂದು, ಒದ್ದೆ ಬಟ್ಟೆಯಿಂದ ಒರೆಸಲೆಂದು ಅವಳ ಕೈಯ ಕಡೆ ಕೈ ಚಾಚಿದೆ. ಅವಳು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಸಿಟ್ಟಿನಿಂದಲ್ಲ, ಬಿಸಿ ಟ್ರೇಯಿಂದ ಕೈ ಹಿಂದೆಗೆದುಕೊಳ್ಳುವಂತೆ, ತಾನಾಗಿ. ಆಮೇಲೆ ಅದು ನನಗೆ ತಿಳಿಯಿತೆಂದು ಅವಳಿಗೂ ತಿಳಿಯಿತು.

“ನೀನು ಹೇಳ್ದೆ ಇದ್ದಿದ್ರೆ?” ಎಂದಳು ಸ್ವಲ್ಪ ಹೊತ್ತಿನ ನಂತರ. ಕೈ ಚಾಚಿ, “ಪೆನ್ನು ಕೊಡು,” ಎಂದಳು.

ಕೊಟ್ಟೆ. ದಿಂಬಿನ ಕೆಳಗೆ ಇಟ್ಟುಕೊಂಡಳು.

ಏಳು ಗಂಟೆಗೆ ಊಟದ ತಟ್ಟೆ ಬಂತು. ಅಷ್ಟರಲ್ಲಿ ಸಕ್ಕರೆ ನಿಂತಲ್ಲಿ ನಿಂತಿತ್ತು. ಊಟಕ್ಕೆ ಎಂದಿನಂತೆ ಹಾಕಿಕೊಳ್ಳಬಹುದೆಂದು ಡಾಕ್ಟರು ಹೇಳಿ ಹೋಗಿದ್ದರು. ಅವಳು ಎದ್ದುಹೋಗಿ ಸೋಪು ಹಾಕಿ ಕೈ ತೊಳೆದಳು, ಬಹಳ ಹೊತ್ತು ತೊಳೆದಳು, ಬಂದು ತಾನೇ ಬೆರಳು ಚುಚ್ಚಿಕೊಂಡಳು. ನೂರ ಐವತ್ತು. ತಟ್ಟೆಯನ್ನು ನೋಡಿದಳು. ಅವಳ ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತು ನಾನೂ ಲೆಕ್ಕ ಹಾಕಿದೆ. ಊಟಕ್ಕೆ ನಾಲ್ಕು, ಮೇಲೇರಿದ್ದಕ್ಕೆ ಒಂದು, ಐದು.

ಅವಳು ಪೆನ್ನನ್ನು ಐದಕ್ಕೆ ತಿರುಗಿಸಿದಳು. ಬಟ್ಟೆ ಸರಿಸಿದಳು. ಅಲ್ಲಿ ಒಂದು ಕ್ಷಣ ಅವಳ ಕೈ ನಿಂತಿತು, ಮೂವತ್ತು ವರ್ಷದ ಅಭ್ಯಾಸ. ಸರಿ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಗುಂಡಿ ಒತ್ತಿದಳು.